ತುದಿ ಕೂಡದ ನೀಲಿ ಗೀಟು

ಹೋಗುತ್ತಿಲ್ಲ ಈ ನೀಲಿ, ಸೋಪು ತಿಕ್ಕಿ ತಿಕ್ಕಿ ನನ್ನ ಬೆರಳ ತುದಿಯೆಲ್ಲ ಸುಕ್ಕಾಯಿತೇ ಹೊರತು ಇದು ಒಂದಿಷ್ಟೂ ಮಾಸಿಲ್ಲ, ಬಿಳಿ ಕಾಲುಚೀಲದ ಹೊರಮೈ ನೋಡಿದರೆ ಏನೂ ಇಲ್ಲ, ಒಳಗು ಹೊರಗು ಮಾಡಿದರೆ ಅಲ್ಲೇ ಕೂತಿದೆ, ಅಂಗಿಯ ಗುಂಡಿಯಷ್ಟಗಲದ ಉಂಗುರ, ಸುತ್ತಿ ಬಂದ ತುದಿಗಳು ಒಂದು ಕಡೆ ಕೂಡದೆ ಅಕ್ಕಿಕಾಳಿನಷ್ಟು ಜಾಗ ಬಿಟ್ಟು ನಿಂತಿವೆ — ಹೋದ ವಾರ ಒಗೆದ ಜೋಡಿಯಲ್ಲೂ ಇತ್ತು, ಅದರ ಹಿಂದಿನ ವಾರವೂ ಇತ್ತು, ಒಂದರಲ್ಲಿ ಮಾತ್ರ, ಇನ್ನೊಂದು ಹಾಲಿನಂತೆ ಬೆಳ್ಳಗೆ, ಪೆನ್ನು ಸೋರಿರಬೇಕು ಎಂದುಕೊಂಡಿದ್ದೆ, ಕಾಲುಚೀಲದಲ್ಲಿ ಪೆನ್ನು ಯಾರು ಇಟ್ಟುಕೊಳ್ಳುತ್ತಾರೆ, ನನ್ನ ಮಗಳು ಇಟ್ಟುಕೊಂಡಾಳು, ಕಂಪಾಸು ಪೆಟ್ಟಿಗೆಯಲ್ಲಿ ಬಸವನಹುಳುವಿನ ಚಿಪ್ಪು ಇಟ್ಟುಕೊಂಡವಳು, ಅಮ್ಮಾ ಅದು ಮನೆ ಬಿಟ್ಟು ಎಲ್ಲಿಗೆ ಹೋಯ್ತು, ಬಾಡಿಗೆಗೆ ಕೊಟ್ಟಿದೆಯಾ — ಎಂಟೂವರೆಗೆ ವ್ಯಾನು ಬರುತ್ತದೆ, ಈಗ ಎಂಟಕ್ಕೆ ಐದು ನಿಮಿಷ, ತಿಕ್ಕಿ ಹಿಂಡಿ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ ಕೊಟ್ಟರಾಯಿತು, ಅವಳು ಕೋಣೆಯಲ್ಲಿ ಒಂದು ಕಾಲಿಗೆ ಚೀಲ ಹಾಕಿಕೊಂಡು ಇನ್ನೊಂದಕ್ಕೆ ಕಾಯುತ್ತಿದ್ದಾಳೆ, ಬಾಗಿಲು ಮುಚ್ಚಿಕೊಂಡು, ಇತ್ತೀಚೆಗೆ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಮನೆಯೊಳಗೂ ಮೊಣಕಾಲುದ್ದದ ಚೀಲ, ಸೆಕೆಯಲ್ಲೂ, ಸ್ನಾನವೂ ತಾನೇ ಮಾಡಿಕೊಳ್ಳುತ್ತೇನೆ ಎಂದಳು, ದೊಡ್ಡವಳಾಗುತ್ತಿದ್ದಾಳೆ ಬಿಡು ಎಂದರು ಅತ್ತೆ, ಎಂಟು ವರ್ಷಕ್ಕೆ ಎಷ್ಟು ದೊಡ್ಡವಳು. ಇವರು, ಅವಳಪ್ಪ, ಅವಳಿಗೆ ಇಟ್ಟ ಹೆಸರು ಪ್ರಶ್ನೆಪತ್ರಿಕೆ, ಬಸ್ಸಿನಲ್ಲಿ ದಿನಾ ಐನೂರು ಜನರನ್ನ ಕೂರಿಸ್ಕೊಂಡು ಓಡಿಸ್ತೀನಿ, ಅಷ್ಟೂ ಜನ ಸೇರಿ ಕೇಳದಷ್ಟು ಇವಳೊಬ್ಬಳೇ ಕೇಳ್ತಾಳೆ ಎನ್ನುತ್ತಿದ್ದರು, ಕೇಳುವ ಮೊದಲು ಅವಳ ಬಲಹುಬ್ಬು ಮೇಲೇರುತ್ತಿತ್ತು, ಬಂತು ನೋಡು ಎಂದು ನಾವು ನಗುತ್ತಿದ್ದೆವು — ಆ ಹುಬ್ಬು ಏರಿ ಹನ್ನೊಂದು ವಾರ. ಊಟ ಬೇಕಾ ಎಂದರೆ ಬೇಕು, ಪಾಠ ಮುಗಿಯಿತಾ ಎಂದರೆ ಮುಗಿಯಿತು, ಉತ್ತರ ಎಲ್ಲ ಕೊಡುತ್ತಾಳೆ, ಪ್ರಶ್ನೆ ಮಾತ್ರ ಇಲ್ಲ, ಒಂದೇ ಒಂದೂ ಇಲ್ಲ.

ಫೋನು. ಇಷ್ಟು ಹೊತ್ತಿಗೆ ಮೇಡಂ, ನಾನು ಕೆಲಸ ಮಾಡುವ ಕ್ಯಾನ್ಸರ್ ಲ್ಯಾಬಿನ ಮುಖ್ಯಸ್ಥೆ, ಅಲ್ಲಿಂದಲೇ, ಕೈತುಂಬ ಸೋಪು, ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ, ಏನಮ್ಮಾ ನಿಂತಿದೀಯಾ ಕೂತಿದೀಯಾ, ನಿಂತಿದೀನಿ ಮೇಡಂ, ಕಾಲುಚೀಲ ಒಗೀತಾ ಇದೀನಿ, ಹಾಗಾದ್ರೆ ಅದನ್ನ ಕೆಳಗಿಟ್ಟು ಕೇಳು, ಎದ್ದಿದ್ದಾಳೆ, ನಮ್ಮ ಮೌನಗೌರಿ ಎದ್ದಿದ್ದಾಳೆ — ಕೈಯಲ್ಲಿದ್ದದ್ದು ಬಕೆಟ್ಟಿಗೆ ಬಿತ್ತು, ನೀರು ಚಿಮ್ಮಿ ಸೀರೆ ಒದ್ದೆ, ಆಗಲಿ. ಮೌನಗೌರಿ ಎಂದರೆ ಒಂದು ಜೀನು, ಹೆಸರು ಇಂಗ್ಲಿಷಿನ ನಾಲ್ಕು ಅಕ್ಷರ ಮತ್ತು ಒಂದು ಅಂಕಿ, ಆ ಹೆಸರಲ್ಲಿ ನಾವು ಯಾರೂ ಕರೆಯುವುದಿಲ್ಲ, ಚರ್ಮದ ಕೋಶಕ್ಕೆ ಸಾಕು ನಿಲ್ಲು, ಇನ್ನು ಬೆಳೆಯಬೇಡ ಎಂದು ಹೇಳುವುದೇ ಅವಳ ಕೆಲಸ, ಕ್ಯಾನ್ಸರ್ ಕೋಶಗಳಲ್ಲಿ ಅವಳು ಮಾತಾಡುವುದಿಲ್ಲ, ಹೇಳುವವರಿಲ್ಲದೆ ಕೋಶ ಬೆಳೆಯುತ್ತಲೇ ಹೋಗುತ್ತದೆ — ಅವಳಿಗೇನೂ ಆಗಿರುವುದಿಲ್ಲ, ಅದೇ ಸೋಜಿಗ, ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ನನಗೆ ಇನ್ನೂ ಸೋಜಿಗ, ಒಂದು ಅಕ್ಷರವೂ ಅಳಿಸಿಲ್ಲ, ಮುರಿದಿಲ್ಲ, ಎಲ್ಲ ನೆಟ್ಟಗಿದೆ, ಅವಳ ಬಾಗಿಲಲ್ಲಿ ಪುಟ್ಟಪುಟ್ಟ ಗುರುತುಗಳು ಬಂದು ಅಂಟಿಕೊಂಡಿವೆ ಅಷ್ಟೇ, ಮೀಥೈಲ್ ಗುರುತು, ಒಂದು ಇಂಗಾಲ ಮೂರು ಜಲಜನಕ, ಅದಕ್ಕಿಂತ ಚಿಕ್ಕದು ಇನ್ನೇನಿದೆ, ಒಂದು ಕೂತರೆ ಏನೂ ಆಗದು, ಒಂದರ ಪಕ್ಕ ಒಂದು ಕೂತರೆ ಬಾಗಿಲು ಹಾಕಿಕೊಂಡ ಹಾಗೆ, ಕೋಶ ಎರಡಾಗುವಾಗ ಹೊಸದಕ್ಕೂ ಅದೇ ಗುರುತುಗಳನ್ನು ನಕಲು ಮಾಡಿ ಅಂಟಿಸುವ ಕೆಲಸಗಾರನೊಬ್ಬ ಒಳಗಿದ್ದಾನೆ, ತಾಯಿ ಸುಮ್ಮನಿದ್ದರೆ ಮಗಳೂ ಸುಮ್ಮನೆ, ಮೊಮ್ಮಗಳೂ ಸುಮ್ಮನೆ. ನಮ್ಮ ಔಷಧಿ ಆ ಕೆಲಸಗಾರನ ಕೈ ಕಟ್ಟುತ್ತದೆ, ಇರುವ ಗುರುತನ್ನು ಕಿತ್ತು ಹಾಕುವುದಿಲ್ಲ, ಹೊಸದು ಅಂಟದಂತೆ ನೋಡಿಕೊಳ್ಳುತ್ತದೆ, ಒಂದು ತಲೆಮಾರಿಗೆ ಅರ್ಧ, ಇನ್ನೊಂದಕ್ಕೆ ಅದರಲ್ಲರ್ಧ, ಕಾಯಬೇಕು, ಈ ಕೆಲಸವೆಲ್ಲ ಕಾಯುವುದೇ.

ಒಂಬತ್ತು ಜಾಗದಲ್ಲಿ ಎಂಟು ಖಾಲಿ ಕಣಮ್ಮಾ ಎಂದರು ಮೇಡಂ, ಮೂರು ಸಲ ಓದಿಸಿದೆ, ತಟ್ಟೆಯಲ್ಲಿ ಕೋಶಗಳೂ ನಿಂತಿವೆ, ಶುಕ್ರವಾರ ಎಷ್ಟಿದ್ವೋ ಇವತ್ತೂ ಹೆಚ್ಚುಕಡಿಮೆ ಅಷ್ಟೇ, ನೀನು ಬಂದು ನಿನ್ನ ಕೈಯಾರೆ ಬರೀಬೇಕು — ನನ್ನ ಕೈಯಾರೆ ಎಂದರೆ ಚೌಕುಳಿ ಹಾಳೆ, ಕಂಪ್ಯೂಟರ್ ಮಾಡುವ ಕೆಲಸವನ್ನು ನಾನು ಹಾಳೆಯ ಮೇಲೆ ಮಾಡುತ್ತೇನೆಂದು ಮೇಡಂಗೆ ನಗು, ಗುರುತು ಇರುವ ಜಾಗಕ್ಕೆ ತುಂಬಿದ ಸೊನ್ನೆ, ಇಲ್ಲದ ಜಾಗಕ್ಕೆ ಖಾಲಿ ಸೊನ್ನೆ, ಸಾಲಾಗಿ ಒಂಬತ್ತು, ತುಂಬಿದ್ದು ಎಂದರೆ ಮೌನ, ಖಾಲಿ ಎಂದರೆ ಮಾತು, ಲ್ಯಾಬಿನ ನೀಲಿ ಮಾರ್ಕರಿನಿಂದ ಒಂದೊಂದೇ ಸೊನ್ನೆ ತುಂಬಿಸುತ್ತಾ ಹೋದರೆ ನನಗೆ ಅದು ಮನಸ್ಸಿಗೆ ಇಳಿಯುತ್ತದೆ, ಸಂಜೆ ಹಾಳೆಗಳನ್ನು ಮನೆಗೆ ತರುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು, ಅಮ್ಮಾ ಇದ್ಯಾಕೆ ತುಂಬಿಸ್ದೆ ಅದ್ಯಾಕೆ ಬಿಟ್ಟೆ, ಅದಕ್ಕೆ ಬೇಜಾರಾಗಲ್ವಾ. ನಾಲ್ಕು ವಾರದ ಹಿಂದೆ ಒಂಬತ್ತಕ್ಕೆ ಒಂಬತ್ತೂ ತುಂಬಿದವು. ಹತ್ತು ದಿನ ಔಷಧಿ ಹಾಕಿ ಸಾಕಿದ ಕೋಶಗಳು, ಒಂದು ಗುರುತೂ ಹೋಗಿಲ್ಲ, ಮತ್ತೆ ಮಾಡಿದೆ, ಮತ್ತೆ ಒಂಬತ್ತೂ ತುಂಬಿದವು, ಮೂರನೆಯ ಸಲವೂ, ಔಷಧಿ ಹಿಡೀತಿಲ್ಲ ಬಿಟ್ಟುಬಿಡೋಣ ಎಂದರು ಮೇಡಂ, ಬೈಯಲಿಲ್ಲ, ಆಪರೇಷನ್ ಆಗಿ ಆಗಷ್ಟೇ ಕೆಲಸಕ್ಕೆ ಬಂದವಳು ಎಂದು ಬೈಯಲಿಲ್ಲ, ಅದು ಇನ್ನೂ ಚುಚ್ಚಿತು.

ತಪ್ಪು ನನ್ನದೇ. ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ಉಪ್ಪಿನಲ್ಲಿ ನೆನೆಹಾಕಬೇಕು, ಬೆಚ್ಚಗೆ, ಕತ್ತಲಲ್ಲಿ, ನಮ್ಮ ಹಳೇ ಪದ್ಧತಿಯಲ್ಲಿ ಹದಿನಾರು ಗಂಟೆ, ಸಂಜೆ ನಾಲ್ಕಕ್ಕೆ ಇಟ್ಟರೆ ಬೆಳಗ್ಗೆ ಎಂಟಕ್ಕೆ ತೆಗೆಯುವುದು, ಗುರುತು ಅಂಟುವುದು ಡಿಎನ್‌ಎಯ ಸಿ ಎಂಬ ಅಕ್ಷರಕ್ಕೆ, ಗುರುತಿಲ್ಲದ ಸಿ ಆ ಉಪ್ಪಿನಲ್ಲಿ ನೆನೆದು ಬದಲಾಗಿ ಟಿ ಎಂದು ಓದಿಸಿಕೊಳ್ಳುತ್ತದೆ, ಗುರುತಿದ್ದದ್ದು ಬದಲಾಗದೆ ಸಿ ಆಗಿಯೇ ಉಳಿಯುತ್ತದೆ, ಹಾಗೆ ತಾನೆ ಯಾವುದರ ಮೇಲೆ ಗುರುತಿದೆ ಎಂದು ನಮಗೆ ಗೊತ್ತಾಗುವುದು — ನನಗೆ ಅರ್ಧ ದಿನ ಕೆಲಸ, ಕಾಲಿನ ಹೊಲಿಗೆ ಮಾಗುವವರೆಗೆ, ಒಂಬತ್ತಕ್ಕೆ ಹೋಗಿ ಒಂದಕ್ಕೆ ಬರುವುದು, ಅವಳು ಸ್ಕೂಲಿನಿಂದ ಬರುವಷ್ಟರಲ್ಲಿ ಮನೆಯಲ್ಲಿರಬೇಕು ಎಂಬ ಆತುರ, ಬಂದ ಮೇಲೆ ಏನಾದರೂ ಕೇಳಿಯಾಳು ಎಂಬ ಆಸೆ, ಒಂಬತ್ತಕ್ಕೆ ಇಟ್ಟು ಒಂದಕ್ಕೆ ತೆಗೆದುಬಿಟ್ಟೆ, ಸ್ವಲ್ಪ ಬಿಸಿ ಹೆಚ್ಚಿಗೆ ಮಾಡಿದರೆ ನಾಲ್ಕು ಗಂಟೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ, ಮೂರು ಸಲವೂ. ಬದಲಾಗಲು ಹೊತ್ತು ಕೊಡದಿದ್ದರೆ ಮಾತಾಡುವವಳೂ ಮೌನವಾಗಿಯೇ ಕಾಣುತ್ತಾಳೆ, ತುಂಬಬಾರದ ಸೊನ್ನೆಗಳೂ ತುಂಬುತ್ತವೆ. ಈ ತಪ್ಪು ಹಿಡಿದವಳು ನನ್ನ ಮಗಳು. ನಾವಿಬ್ಬರೂ ಒಂದು ಆಟ ಆಡುತ್ತಿದ್ದೆವು, ಹಾಳೆಯಲ್ಲಿ ಸೊನ್ನೆಗಳ ಕೆಳಗೆ ಓದಿ ಬಂದ ಅಕ್ಷರಗಳನ್ನೂ ಬರೆದಿರುತ್ತೇನೆ, ಸೊನ್ನೆಗಳಿರುವ ಜಾಗ ಬಿಟ್ಟು ಬೇರೆಲ್ಲಾದರೂ ಸಿ ಸಿಕ್ಕರೆ ಅವಳು ಗೆದ್ದ ಹಾಗೆ, ಆ ಕಡೆ ಗುರುತುಗಳೇ ಇರುವುದಿಲ್ಲವಾದ್ದರಿಂದ ಅಲ್ಲಿನ ಸಿ ಎಲ್ಲ ಟಿ ಆಗಿರಲೇಬೇಕು, ವರ್ಷಕ್ಕೊಂದು ಸಲ ಗೆದ್ದರೆ ಹೆಚ್ಚು, ಆ ಸಂಜೆ ಹಾಳೆಯನ್ನು ತಾನಾಗಿಯೇ ಎಳೆದುಕೊಂಡಳು, ಯಾಕೆ ಎನ್ನಲಿಲ್ಲ, ಏನು ಎನ್ನಲಿಲ್ಲ, ನನ್ನ ಮಾರ್ಕರಿನಿಂದ ಒಂದೊಂದಕ್ಕೇ ಅಡಿಗೀಟು ಹಾಕುತ್ತಾ ಹೋದಳು, ಹಾಕಿ ಹಾಳೆ ನನ್ನ ಕಡೆ ತಳ್ಳಿ ಹೋಮ್‌ವರ್ಕಿಗೆ ಕೂತಳು, ನಾನು ಎಣಿಸಿದೆ, ಹದಿನೇಳು. ಹದಿನೇಳು ಸಿ ಇರಬಾರದ ಕಡೆ. ನಿಂತ ನಿಲುವಿನಲ್ಲೇ ಮೇಡಂಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ, ಮತ್ತೆ ಮೊದಲಿನಿಂದ ಕೋಶ ಸಾಕಿ ಔಷಧಿ ಹಾಕಿದೆವು, ಹದಿನಾರಕ್ಕೆ ಹದಿನಾರು ಗಂಟೆ ನೆನೆಹಾಕಿದೆವು — ಒಂಬತ್ತರಲ್ಲಿ ಎಂಟು ಖಾಲಿ.

ನನಗೆ ಜೋರಾಗಿ ಕೂಗಬೇಕೆನಿಸುತ್ತಿದೆ, ಒದ್ದೆ ಸೀರೆಯಲ್ಲಿ ಸ್ನಾನದ ಮನೆಯ ಬಾಗಿಲಲ್ಲಿ ನಿಂತು ಒಂಟಿ ಕಾಲಲ್ಲಿ ಕುಣಿಯಬೇಕೆನಿಸುತ್ತಿದೆ, ಹೊಲಿಗೆ ಹಾಕಿದ ಕಾಲಿನ ಮೇಲೇ, ಮೇಡಂ ಆ ಹದಿನೇಳನ್ನ ಹುಡುಕಿದ್ದು ನನ್ನ ಮಗಳು ಎಂದೆ, ಗೊತ್ತಮ್ಮಾ ನೂರು ಸಲ ಹೇಳಿದೀಯ, ಕೊಡು ಅವಳ ಕೈಗೆ ಎಂದರು, ಕೋಣೆಯ ಬಾಗಿಲು ಒಂದು ಅಂಗುಲ ತೆರೆದಿದೆ, ಸಂದಿಯಲ್ಲಿ ಅರ್ಧ ಮುಖ, ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ, ಫೋನು ಎತ್ತಿ ಆ ಕಡೆ ಹಿಡಿದೆ, ಏನಮ್ಮಾ ಚಿಕ್ಕ ಮೇಡಂ, ನಾವು ಮೂರು ಜನ ದೊಡ್ಡೋರು ಕನ್ನಡಕ ಹಾಕ್ಕೊಂಡು ನೋಡಿದ್ರೂ ಕಾಣ್ಲಿಲ್ಲ, ನಿಂಗೆ ಹೇಗೆ ಕಾಣ್ತು — ಉತ್ತರ ಕೊಡುವುದಕ್ಕೆ ಅವಳೇನೂ ಹಿಂದೆಗೆಯುವುದಿಲ್ಲ, ಇರಬಾರದ ಕಡೆ ಇತ್ತು ಎಂದಳು, ಅಷ್ಟೇ, ಮೇಡಂ ನಕ್ಕರು, ನಿಮ್ಮಮ್ಮನ ಕೆಲಸ ನೀನೇ ತಗೊಂಡುಬಿಡು, ಅವರು ಮನೇಲಿ ಕಾಲುಚೀಲ ಒಗೀಲಿ ಎಂದು ಫೋನಿಟ್ಟರು. ಇರಬಾರದ ಕಡೆ ಇತ್ತು. ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಬಕೆಟ್ಟಿನಲ್ಲಿ ಕಾಲುಚೀಲ ತೇಲುತ್ತಿದೆ, ಒಳಮೈ ಮೇಲಾಗಿ, ಆ ಉಂಗುರ ಹಾಗೇ, ತುದಿ ಕೂಡದೆ, ಇಷ್ಟು ತಿಕ್ಕಿದರೂ — ಸೋಪಿಗೆ ಹೋಗದ ನೀಲಿ ಒಂದೇ ಒಂದು ನನಗೆ ಗೊತ್ತು, ಟ್ಯೂಬಿನ ಮುಚ್ಚಳದ ಮೇಲೆ ನಂಬರು ಬರೆಯುವುದು, ಸ್ಪಿರಿಟ್ಟಿಗೆ ಮಾತ್ರ ಜಗ್ಗುವುದು, ನನ್ನ ಚೀಲದಲ್ಲಿ ಎರಡು ಮಾರ್ಕರ್ ಇದ್ದವು, ಒಂದು ಕಾಣೆಯಾಗಿ ಎಷ್ಟೋ ದಿನವಾಯಿತು, ಲ್ಯಾಬಿನಲ್ಲೇ ಬಿಟ್ಟೆನೇನೋ ಎಂದುಕೊಂಡಿದ್ದೆ. ಸೋರಿದ ಪೆನ್ನು ಉಂಗುರ ಬಿಡಿಸುವುದಿಲ್ಲ. ಇದು ಬಟ್ಟೆಯ ಮೇಲೆ ಬರೆದದ್ದಲ್ಲ, ಬೇರೆಲ್ಲೋ ಬರೆದದ್ದರ ಅಚ್ಚು, ಬೆವರಿಗೆ ಒತ್ತಿ ಮೂಡಿದ್ದು, ಕಾಲುಚೀಲ ತೊಟ್ಟರೆ ಇದು ಬರುವ ಜಾಗ ಮೊಣಕಾಲಿನ ಕೆಳಗೆ ಹಿಂದುಗಡೆ, ಮೀನಖಂಡದ ಮೇಲೆ, ಅಲ್ಲಿ ಅವಳಿಗೆ ಹುಟ್ಟಿದಾಗಿನಿಂದ ಎಳ್ಳಿನಷ್ಟು ಕಂದು ಮಚ್ಚೆ, ನಾನೇ ಎಣ್ಣೆ ಹಚ್ಚಿ ತೊಳೆದ ಮಚ್ಚೆ, ಅಯ್ಯೋ ನನ್ನ ಕಂದ.

ಮಚ್ಚೆ. ಒಂಬತ್ತು ವರ್ಷ ಕ್ಯಾನ್ಸರಿಗೆ ತಿರುಗಿದ ಬೇರೆಯವರ ಮಚ್ಚೆಗಳಲ್ಲಿ ಮುಳುಗಿದ್ದವಳಿಗೆ ತನ್ನ ಕಾಲಿನದು ಕಂಡಿರಲಿಲ್ಲ, ಅಮ್ಮಾ ನಿನ್ನ ಮಚ್ಚೆ ಯಾಕೆ ಎರಡು ಬಣ್ಣ ಇದೆ ಎಂದು ಕೇಳಿದವಳು ಇವಳು, ಬಟ್ಟೆ ಒಣಹಾಕುತ್ತಿದ್ದೆ, ತಿರುಗಿ ನೋಡಿಕೊಂಡೆ, ಕೈಯಲ್ಲಿದ್ದ ದುಪಟ್ಟಿ ಕೆಳಗೆ ಬಿತ್ತು, ಒಂದು ವಾರದಲ್ಲಿ ಡಾಕ್ಟರ ಕೋಣೆಯಲ್ಲಿ ಅಂಗಾತ ಅಲ್ಲ ಬೋರಲಾಗಿ ಮಲಗಿದ್ದೆ, ಡಾಕ್ಟರು ನೀಲಿ ಪೆನ್ನಿನಿಂದ ಅದರ ಸುತ್ತ ಗೀಟು ಎಳೆದರು, ಚರ್ಮದ ಮೇಲೆ ತಣ್ಣಗೆ ಹರಿದದ್ದು ಈಗಲೂ ಗೊತ್ತಾಗುತ್ತದೆ, ಚಿಕ್ಕದಿರುವಾಗಲೇ ಬಂದ್ರಿ, ಗೀಟು ದಾಟಿಲ್ಲ, ಒಳಗೇ ಇದೆ, ಅದೇ ಪುಣ್ಯ ಎಂದರು, ಇವಳು ಅತ್ತೆಯ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದಳು, ಬಲಹುಬ್ಬು ಏರಿತ್ತು, ಯಾಕೆ ಗೀಟು — ಎನ್ನುವಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು, ನಾನು ಆಮೇಲೆ ಹೇಳ್ತೀನಿ ಪುಟ್ಟಾ ಎಂದೆ, ಆ ಆಮೇಲೆ ಬರಲೇ ಇಲ್ಲ, ಅಮ್ಮಂಗೆ ಏನಾಯ್ತು ಎಂದದ್ದಕ್ಕೆ ಇವರು ಏನಿಲ್ಲ ಸೊಳ್ಳೆ ಕಚ್ಚಿ ಕೆರಕೊಂಡಿದ್ಲು ಎಂದರು, ಮಗು ಮುಂದೆ ಆ ಮಾತು ಬೇಡ ಎಂದು ಅತ್ತೆ, ಅವಳು ಬಂದರೆ ಫೋನು ಕೆಳಗಿಡುವ ನಾನು, ಒಬ್ಬರೂ ಕೆಟ್ಟವರಲ್ಲ, ಒಬ್ಬರೂ ಗದರಿಸಲಿಲ್ಲ, ಪುಟ್ಟದೊಂದು ಶ್, ಪುಟ್ಟದೊಂದು ಆಮೇಲೆ, ಪುಟ್ಟದೊಂದು ಏನಿಲ್ಲ, ಒಂದರ ಪಕ್ಕ ಒಂದು — ನಾನೇ ಅಂಟಿಸಿದ್ದೇನೆ, ಲ್ಯಾಬಿನಲ್ಲಿ ಅಂಟದಂತೆ ಮಾಡಲು ಒಂಬತ್ತು ವರ್ಷ ಹೆಣಗಿದ್ದನ್ನು ಮನೆಯಲ್ಲಿ ಹನ್ನೊಂದು ವಾರದಲ್ಲಿ ಅಂಟಿಸಿದ್ದೇನೆ. ಇನ್ನೂ ಒಂದಿದೆ, ಅದು ಈಗ ಹೊಳೆಯುತ್ತಿದೆ, ಅವಳು ಕೇಳಿದ ಆ ಎರಡು ಬಣ್ಣದ ಪ್ರಶ್ನೆಯಿಂದಲೇ ಎಲ್ಲ ಶುರುವಾಯಿತು, ಕೇಳಿದಳು, ಅಮ್ಮನ ಕಾಲು ಕೊಯ್ದರು — ಕೇಳಿದ್ದಕ್ಕೇ ಹೀಗಾಯಿತು ಎಂದುಕೊಂಡಿದ್ದರೆ. ಮುರಿದಿಲ್ಲ, ಏನೂ ಮುರಿದಿಲ್ಲ, ಹದಿನೇಳು ಸಿ ಹುಡುಕಿದ ಮಗು ಅದು, ಒಳಗೆ ಎಲ್ಲ ನೆಟ್ಟಗಿದೆ.

ಕಾಲುಚೀಲ ಹಿಂಡಿ ಭುಜದ ಮೇಲೆ ಹಾಕಿಕೊಂಡು ಅವಳ ಬಾಗಿಲ ಹೊರಗೆ ನೆಲದ ಮೇಲೆ ಕೂತೆ, ಹೊಲಿಗೆಯ ಕಲೆ ಎಳೆಯಿತು, ಎಳೆಯಲಿ, ಬಾಗಿಲಿಗೆ ಹೇಳಿದೆ, ಪುಟ್ಟಾ, ಅಪ್ಪ ಸೊಳ್ಳೆ ಅಂದದ್ದು ಸುಳ್ಳು, ನಾನೂ ಸುಮ್ಮನಿದ್ದೆ, ನಂದೂ ಸುಳ್ಳೇ, ನನ್ನ ಕಾಲಲ್ಲಿ ಇದ್ದದ್ದು ಚರ್ಮದ ಕ್ಯಾನ್ಸರ್, ತಟ್ಟೆಯಲ್ಲಿ ನಾವು ಸಾಕ್ತೀವಲ್ಲ ಅಂಥದ್ದೇ, ಪೂರ್ತಿ ತೆಗೆದುಬಿಟ್ರು, ಹೋದ ವಾರ ಡಾಕ್ಟರು ಕಾಲೆಲ್ಲ ತಡಕಿ ನೋಡಿ ಎಲ್ಲಾ ಚೆನ್ನಾಗಿದೆ ಅಂದ್ರು, ಇನ್ನು ಮೂರು ತಿಂಗಳಿಗೊಂದು ಸಲ ನೋಡ್ತಾರೆ — ಅಡುಗೆಮನೆಯಿಂದ ಅತ್ತೆ ಓಡಿ ಬಂದರು, ಕೈಯಲ್ಲಿ ಸೌಟು, ಏನಮ್ಮಾ ನೀನು ಬೆಳಬೆಳಗ್ಗೆ ಮಗು ಮುಂದೆ, ಬೆರಳು ಆಗಲೇ ತುಟಿಯ ಹತ್ತಿರಕ್ಕೆ ಹೋಗುತ್ತಿತ್ತು, ಬೇಡಿ ಅತ್ತೆ, ಹೇಳ್ತೀನಿ, ಇವತ್ತು ಹೇಳಿಬಿಡ್ತೀನಿ ಎಂದೆ, ದನಿ ಏರಿಸಲಿಲ್ಲ, ಅವರು ನನ್ನನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು, ಬೆರಳು ಗಾಳಿಯಲ್ಲೇ ನಿಂತು ನಿಧಾನವಾಗಿ ಇಳಿಯಿತು, ಸೆರಗಿನಲ್ಲಿ ಸೌಟು ಒರೆಸುತ್ತಾ ಅವರೂ ಗೋಡೆಗೊರಗಿ ಕೂತುಬಿಟ್ಟರು, ನಂಗೂ ಯಾರೂ ಸರಿಯಾಗಿ ಹೇಳ್ಲಿಲ್ಲಮ್ಮ, ಹೇಳು ಎಂದರು. ಆಗ ಬಾಗಿಲು ತೆರೆಯಿತು, ಕೈಯಗಲ, ಇನ್ನೂ ಕೈಯಗಲ. ಪುಟ್ಟಾ ನೀನು ಅವತ್ತು ಯಾಕೆ ಎರಡು ಬಣ್ಣ ಅಂತ ಕೇಳದೇ ಇದ್ದಿದ್ರೆ ನಾನು ನೋಡ್ಕೊಳ್ತಾನೇ ಇರ್ಲಿಲ್ಲ, ಅದು ದೊಡ್ಡದಾಗಿಬಿಡ್ತಿತ್ತು, ನೀನು ಕೇಳಿದ್ದಕ್ಕೇ ನಾನು ಇವತ್ತು ಇಲ್ಲಿ ಕೂತಿರೋದು, ಕೇಳಿದ್ದಕ್ಕೆ ಬಂದದ್ದಲ್ಲ, ಕೇಳಿದ್ದಕ್ಕೇ ಹೋದದ್ದು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ, ಅತ್ತೆ ಎದ್ದು ಕಿಟಕಿಯಿಂದ ಕೈಯಾಡಿಸಿ ಹೋಗಪ್ಪಾ ಇವತ್ತು ಬರಲ್ಲ ಎಂದರು, ನನ್ನನ್ನು ಒಂದು ಮಾತು ಕೇಳಲಿಲ್ಲ, ಎರಡನೆಯ ಹಾರ್ನ್ ಬರಲಿಲ್ಲ.

ಕಾಯುತ್ತಿದ್ದೇನೆ. ಆ ಉಂಗುರ ಏನು ಎಂದು ಕೇಳುವುದಿಲ್ಲ, ಎಳೆದು ಚೀಲ ಜಾರಿಸಿ ನೋಡುವುದಿಲ್ಲ, ನಾಲ್ಕು ಗಂಟೆಗೇ ತೆಗೆದು ಕೆಡಿಸಿದವಳು ನಾನು, ಹದಿನಾರು ಬೇಕಾದರೆ ಹದಿನಾರು ಗಂಟೆ ಈ ನೆಲದ ಮೇಲೆ ಕೂತಿರುತ್ತೇನೆ, ಸೀರೆ ಮೈಮೇಲೇ ಒಣಗಲಿ — ಅವಳು ಹೊಸ್ತಿಲಿಗೆ ಬಂದಳು, ಒಂದು ಕಾಲಲ್ಲಿ ಬಿಳಿ ಚೀಲ, ಒಂದು ಕಾಲು ಬರಿದು, ಅಜ್ಜಿಯನ್ನು ನೋಡಿದಳು, ಅಜ್ಜಿಯ ಕೈ ಮಡಿಲಲ್ಲೇ ಇದೆ, ನನ್ನನ್ನು ನೋಡಿದಳು, ಬಲಹುಬ್ಬು ನಡುಗಿತು, ಏರಿತು — ಏರಿತು, ಹನ್ನೊಂದು ವಾರದ ಮೇಲೆ ಏರಿತು, ಒಂಬತ್ತಕ್ಕೆ ಒಂಬತ್ತೂ ಖಾಲಿಯಾದರೂ ನನಗೆ ಇಷ್ಟು ಹಿಗ್ಗಾಗದು, ಇವರು ಇದ್ದಿದ್ದರೆ ಬಂತು ನೋಡು ಎನ್ನುತ್ತಿದ್ದರು, ಎಲ್ಲೋ ಬಸ್ಸು ಓಡಿಸುತ್ತಿದ್ದಾರೆ, ಸಂಜೆ ಬರಲಿ, ಪ್ರಶ್ನೆಪತ್ರಿಕೆ ಮತ್ತೆ ಅಚ್ಚಾಗಿದೆ ಎಂದು ಹೇಳುತ್ತೇನೆ — ಅವಳು ಬೆನ್ನು ತಿರುಗಿಸಿ ಬರಿಗಾಲನ್ನು ನನ್ನ ಮುಂದೆ ಇಟ್ಟಳು, ಮೀನಖಂಡದ ಮೇಲೆ ಎಳ್ಳಿನಷ್ಟು ಕಂದು ಮಚ್ಚೆ, ಅದರ ಸುತ್ತ ಗೀಟಿನ ಮೇಲೆ ಗೀಟು, ದಿನಾ ಕತ್ತು ತಿರುಗಿಸಿ ಕಾಣದ ಕಡೆ ಕೈ ಚಾಚಿ ಎಳೆದದ್ದು, ನೀಲಿ ಉಂಗುರ, ಅಂಗಿಯ ಗುಂಡಿಯಷ್ಟಗಲ, ಒಂದು ಕಡೆ ತುದಿ ಕೂಡಿಲ್ಲ, ಅಕ್ಕಿಕಾಳಿನಷ್ಟು ಜಾಗ, ಆ ಜಾಗದ ಮೇಲೆ ಅವಳ ಬೆರಳು — ಅಮ್ಮಾ, ಎಷ್ಟು ಸಲ ಎಳೆದ್ರೂ ಇಲ್ಲಿ ಕೂಡಲ್ಲ, ಇಲ್ಲಿಂದ ಅದು ಗೀಟು ದಾಟಿ ಆಚೆ ಬರುತ್ತಾ?